ಪಾಯ, ಗುಂಡಿ, ಹೂಗಿಡ: ಮಣ್ಣಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮಣ್ಣಿನ ಸುತ್ತಲೇ ಇವೆ. ಒಬ್ಬರ ಗೋಡೆ ಬಿರುಕು ಬಿಟ್ಟಿದೆ. ಇನ್ನೊಬ್ಬರ ಟಾಯ್ಲೆಟ್ ಗುಂಡಿ ಮಳೆಗಾಲದಲ್ಲಿ ಉಕ್ಕುತ್ತಿದೆ. ಮತ್ತೊಬ್ಬರ ಹೂವು ಬಣ್ಣ ಬದಲಿಸಿದೆ. ಸಕಲೇಶಪುರದಿಂದ ಅರಸೀಕೆರೆಗೆ ಎರಡು ಗಂಟೆಯ ದಾರಿ, ಅಷ್ಟರಲ್ಲೇ ಮಳೆ ಸುಮಾರು ಮೂರನೇ ಒಂದು ಪಾಲಿಗೆ ಇಳಿದುಬಿಡುತ್ತದೆ, ಮಣ್ಣೂ ಬೇರೆಯಾಗುತ್ತದೆ. ಆದರೂ ನಾವು ಅಲ್ಲಿನ ನೆಂಟರ ಮನೆ ಪ್ಲಾನ್ ತಂದು ಇಲ್ಲಿ ಕಟ್ಟುತ್ತೇವೆ, ಅಲ್ಲಿನ ಗುಂಡಿಯ ಅಳತೆಯನ್ನೇ ಇಲ್ಲೂ ತೋಡಿಸುತ್ತೇವೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ತೊಂದರೆ ಶುರುವಾಗಿರುವುದು ಅಲ್ಲಿಂದಲೇ. ಒಂದೊಂದಾಗಿ ನೋಡೋಣ.

ಪ್ರಶ್ನೆ: ಮನೆ ಕಟ್ಟಿ ಎರಡು ವರ್ಷ ಆಯಿತು. ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಬಂದಿದೆ. ಬೇಸಿಗೆಯಲ್ಲಿ ಬೆರಳು ತುದಿ ಹೋಗುವಷ್ಟು ಅಗಲ ಆಗುತ್ತದೆ, ಮಳೆ ಹಿಡಿದ ಮೇಲೆ ಕೂಡಿಕೊಳ್ಳುತ್ತದೆ. ಸಿಮೆಂಟ್ ಸರಿ ಇಲ್ಲ ಅಂತ ಮೇಸ್ತ್ರಿ ಹೇಳುತ್ತಾರೆ. ಎರಡು ಸಲ ಗಾರೆ ಮೆತ್ತಿಸಿದೆವು, ಮತ್ತೆ ಬಿಟ್ಟಿತು. ಸೈಟ್ ಮೊದಲು ಈರುಳ್ಳಿ ಹೊಲ ಆಗಿತ್ತು.
— ಶಿಕ್ಷಕರೊಬ್ಬರು, ಅಜ್ಜಂಪುರ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಅದು ಎರೆ, ಅಂದರೆ ಕಪ್ಪು ಮಣ್ಣಿನ ಹೊಲ. ಸಿಮೆಂಟ್ ಕೆಟ್ಟಿದ್ದರೆ ಬಿರುಕು ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವುದಿಲ್ಲ, ಬಂದದ್ದು ಬಂದ ಹಾಗೇ ಇರುತ್ತದೆ. ನಿಮ್ಮ ಗೋಡೆ ಅಲ್ಲಾಡುತ್ತಿರುವುದು ಅದರ ಕೆಳಗಿನ ನೆಲ ಅಲ್ಲಾಡುತ್ತಿರುವುದರಿಂದ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಬಹಳ ನುಣುಪಾದ ಜೇಡಿ ಇರುತ್ತದೆ. ನೀರು ಸಿಕ್ಕರೆ ಇದು ತನ್ನ ಪದರಗಳ ನಡುವೆ ನೀರು ತುಂಬಿಕೊಂಡು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಊರಿನ ಹೊಲದಲ್ಲಿ ಕೈ ಇಳಿಯುವಷ್ಟು ಬಿರಿದ ನೆಲವನ್ನು ನೀವು ನೋಡಿಯೇ ಇರುತ್ತೀರಿ. ಪಾಯದ ಕೆಳಗೂ ಅದೇ ನಡೆಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಮನೆಯ ನಡುಭಾಗದ ನೆಲಕ್ಕೆ ಬಿಸಿಲೂ ಇಲ್ಲ ಮಳೆಯೂ ಇಲ್ಲ, ಅಲ್ಲಿ ತೇವ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಅಂಚುಗಳು ಮಾತ್ರ ಬೇಸಿಗೆಯಲ್ಲಿ ಒಣಗಿ ಇಳಿಯುತ್ತವೆ, ಮಳೆಯಲ್ಲಿ ಉಬ್ಬಿ ಏಳುತ್ತವೆ. ನಡು ನಿಂತಲ್ಲೇ ನಿಂತು ಮೂಲೆಗಳು ಏಳುಬೀಳು ಮಾಡಿದರೆ ಗೋಡೆ ತನ್ನ ಬಲಹೀನ ಜಾಗದಲ್ಲಿ ಬಿಡುತ್ತದೆ. ಆ ಜಾಗ ಕಿಟಕಿ ಬಾಗಿಲಿನ ಮೂಲೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಅಂಚು ಇಳಿದಿದೆ ಅಂತ ತಿಳಿಯಿರಿ. ಕೆಳಗೆ ಅಗಲ ಇದ್ದರೆ ನಡು ಇಳಿದಿದೆ.

ಈಗ ಮೂರನೇ ಸಲ ಗಾರೆ ಮೆತ್ತಿಸಬೇಡಿ, ಸುಮ್ನೆ ದುಡ್ಡು ದಂಡ. ಮೊದಲು ಪ್ರತಿ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಅಗಲ ಎಷ್ಟು ಅನ್ನುವುದನ್ನೂ ತಿಂಗಳಿಗೊಮ್ಮೆ ಬರೆದಿಡಿ. ಒಂದು ಪೂರ್ತಿ ವರ್ಷದ ಲೆಕ್ಕ ಸಿಕ್ಕರೆ ಯಾವ ಮೂಲೆ ಜಾಸ್ತಿ ಆಡುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ಇದರ ಜೊತೆಗೆ ಮನೆ ಸುತ್ತಲಿನ ತೇವ ಏರುಪೇರಾಗದಂತೆ ನೋಡಿಕೊಳ್ಳಬೇಕು, ಮುಖ್ಯ ಕೆಲಸ ಅದೇ. ಸುತ್ತ ಐದಾರು ಅಡಿ ಅಗಲಕ್ಕೆ ಹೊರಮುಖ ಇಳಿಜಾರಿನ ಕಾಂಕ್ರೀಟ್ ಹಾಸು ಹಾಕಿಸಿ. ತಾರಸಿ ನೀರು ಗೋಡೆ ಬುಡಕ್ಕೆ ಬೀಳದಂತೆ ಪೈಪಿನಲ್ಲಿ ದೂರ ಒಯ್ಯಿರಿ. ಬಚ್ಚಲ ಪೈಪು ಎಲ್ಲಾದರೂ ಸೋರುತ್ತಿದೆಯಾ ನೋಡಿ. ಗೋಡೆಗೆ ಅಂಟಿಕೊಂಡ ಹೂವಿನ ಪಾತಿ ಇದ್ದರೆ ತೆಗೆಯಿರಿ. ದೊಡ್ಡ ಮರ ಇದ್ದರೆ ಅದು ಬೇಸಿಗೆಯಲ್ಲಿ ಪಾಯದ ಕೆಳಗಿನ ನೀರನ್ನು ಎಳೆಯುತ್ತದೆ, ಆದರೆ ಸಿಟ್ಟಿನಲ್ಲಿ ಒಂದೇ ದಿನ ಕಡಿಸಿಬಿಡಬೇಡಿ. ಮರ ಕುಡಿಯುತ್ತಿದ್ದ ನೀರು ಆಮೇಲೆ ಮಣ್ಣಿನಲ್ಲೇ ಉಳಿದು ನೆಲ ಉಬ್ಬುತ್ತದೆ. ಕೊಂಬೆ ಸವರಿ, ನಿಧಾನಕ್ಕೆ ಚಿಕ್ಕದು ಮಾಡಿ. ಇಷ್ಟು ಮಾಡಿದ ಮೇಲೂ ಆಟ ನಿಲ್ಲದಿದ್ದರೆ ಪಾಯ ಗಟ್ಟಿಮಾಡುವ ಮಾತು. ಅದಕ್ಕೆ ಸ್ಥಳಕ್ಕೆ ಬಂದು ನೋಡುವ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು, ಪತ್ರದಲ್ಲಿ ಹೇಳುವ ವಿಷಯ ಅಲ್ಲ.

ಎರೆ ನೆಲದಲ್ಲಿ ಹೊಸದಾಗಿ ಕಟ್ಟುವವರಿಗೂ ಎರಡು ಮಾತು. ಪಾಯಕ್ಕೆ ಮೊದಲು ಸೈಟಿನಲ್ಲಿ ಒಂದು ಗುಂಡಿ ತೋಡಿಸಿ, ಕಪ್ಪು ಮಣ್ಣು ಎಷ್ಟು ಆಳ ಇದೆ ಅಂತ ಕಣ್ಣಾರೆ ನೋಡಿ. ಮೂರು ನಾಲ್ಕು ಅಡಿಗೆ ಮುಗಿದು ಗೊಚ್ಚು (ಗರಸಿನಂಥ ಗಟ್ಟಿ ನೆಲ) ಸಿಕ್ಕರೆ ಅದೃಷ್ಟ, ಎರೆಯನ್ನು ಪೂರ್ತಿ ತೆಗೆದು ಗೊಚ್ಚಿನ ಮೇಲೆ ಪಾಯ ಇಡಬಹುದು. ಆಳಕ್ಕೂ ಎರೆಯೇ ಇದ್ದರೆ ಸೈಜುಗಲ್ಲಿನ ಮಾಮೂಲಿ ಪಾಯ ಸಾಲದು. ಅಂಥ ಕಡೆಗೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಪಾಯ ಇದೆ, ಅಂಡರ್ ರೀಮ್ಡ್ ಪೈಲ್ ಅನ್ನುತ್ತಾರೆ. ಆಳವಾದ ಎರೆಯಲ್ಲಿ ಇದು ಕನಿಷ್ಠ 3.5 ಮೀಟರ್ ಇಳಿಯಬೇಕು, ಯಾಕೆಂದರೆ ಅಷ್ಟು ಕೆಳಗೆ ಬೇಸಿಗೆ ಮಳೆಗಾಲದ ವ್ಯತ್ಯಾಸ ಹೆಚ್ಚು ತಟ್ಟುವುದಿಲ್ಲ. ಕಂಬಗಳ ಮೇಲಿನ ಬೀಮ್ ಮತ್ತು ನೆಲದ ನಡುವೆ ಸುಮಾರು 8 ಸೆಂಟಿಮೀಟರ್ ಖಾಲಿ ಬಿಡುತ್ತಾರೆ. ಮಣ್ಣು ಉಬ್ಬಿದರೂ ಬೀಮನ್ನು ಎತ್ತಬಾರದು ಅಂತ. ಎಷ್ಟೋ ಕಡೆ ಕೆಲಸದವರು ಗೊತ್ತಿಲ್ಲದೆ ಆ ಜಾಗಕ್ಕೆ ಮಣ್ಣು ತುಂಬಿ ಅಚ್ಚುಕಟ್ಟು ಮಾಡಿಬಿಡುತ್ತಾರೆ! ಆ ದಿನ ನೀವು ಸೈಟಿನಲ್ಲೇ ನಿಂತಿರಿ.

ಮಣ್ಣು ಎಷ್ಟು ಉಬ್ಬುತ್ತದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದ ಮಣ್ಣನ್ನು ಎರಡು ಒಂದೇ ತರದ ಗಾಜಿನ ಲೋಟಕ್ಕೆ ಎರಡೆರಡು ಚಮಚ ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು ಹಾಕಿ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ಕೂತ ಮಣ್ಣು ಅದಕ್ಕಿಂತ ಒಂದೂವರೆ ಪಟ್ಟು ಎತ್ತರ ಆಗಿದ್ದರೆ ಎಂಜಿನಿಯರ್ ಇಲ್ಲದೆ ಮುಂದಕ್ಕೆ ಹೋಗಬೇಡಿ. ಪ್ರಯೋಗಾಲಯದಲ್ಲೂ ಇದನ್ನೇ ಅಳತೆಯ ಗಾಜಿನ ಕೊಳವೆಯಲ್ಲಿ 10 ಗ್ರಾಂ ಮಣ್ಣು ಹಾಕಿ ಮಾಡುತ್ತಾರೆ.

ಪ್ರಶ್ನೆ: ತೋಟದ ಮನೆಯಲ್ಲಿ ನಾಲ್ಕು ರೂಮಿನ ಹೋಂಸ್ಟೇ ಮಾಡಿದ್ದೇವೆ. ಜುಲೈ ಬಂತೆಂದರೆ ಟಾಯ್ಲೆಟ್ ನೀರು ಹಿಂದಕ್ಕೆ ಬರುತ್ತದೆ. ಟ್ಯಾಂಕರ್ ಕರೆಸಿ ಖಾಲಿ ಮಾಡಿಸಿದರೆ ಎರಡೇ ದಿನಕ್ಕೆ ಮತ್ತೆ ತುಂಬಿರುತ್ತದೆ. ಸಿಮೆಂಟ್ ರಿಂಗ್ ಇಳಿಸಿದ 12 ಅಡಿ ಗುಂಡಿ. ಇನ್ನೂ ಆಳ ಮಾಡಿಸಬೇಕಾ? ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಸರಿಹೋಗುತ್ತದಾ?
— ಬೆಳೆಗಾರರ ಮನೆಯ ಸೊಸೆ, ಸಕಲೇಶಪುರ ತಾಲ್ಲೂಕು

ಉತ್ತರ: ಆಳ ಮಾಡಿಸಬೇಡಿ ಅಮ್ಮ. ಎರಡು ದಿನಕ್ಕೆ ತುಂಬುತ್ತಿರುವುದು ನಿಮ್ಮ ಅತಿಥಿಗಳ ನೀರಲ್ಲ. ಅದು ಜಲ, ಅಂದರೆ ನೆಲದೊಳಗಿಂದ ಮೇಲೇಳುವ ಅಂತರ್ಜಲ. ಪುನರ್ವಸು, ಪುಷ್ಯ ಮಳೆಗೆ ನಿಮ್ಮ ಕಡೆ ಅಂಗಳದಲ್ಲೇ ಒರತೆ ಏಳುತ್ತದೆ, ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ, ಅಲ್ವಾ? ಆಗ 12 ಅಡಿಯ ಗುಂಡಿಯೂ ಇನ್ನೊಂದು ಬಾವಿಯೇ. ಹೊರಗಿನ ನೀರು ಒಳಕ್ಕೆ ಬರುತ್ತಿರುವಾಗ ಒಳಗಿನದು ಹೊರಕ್ಕೆ ಹೇಗೆ ಇಂಗೀತು? ಪುಡಿಯೂ ಇಲ್ಲಿ ಕೆಲಸಕ್ಕೆ ಬಾರದು, ಇಂಗಲು ಜಾಗ ಕೊಡುವ ಶಕ್ತಿ ಯಾವ ಬ್ಯಾಕ್ಟೀರಿಯಾಕ್ಕೂ ಇಲ್ಲ.

ಇದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ವಾಸನೆ ಅಲ್ಲ. ಗುಂಡಿ ಮತ್ತು ಅಂತರ್ಜಲ ಒಂದಾದರೆ ಕೆಳಗಿನ ಬಾವಿಗೆ, ಹಳ್ಳಕ್ಕೆ ಶುದ್ಧವಾಗದ ನೀರು ನೇರ ಸೇರುತ್ತದೆ. ನಿಮ್ಮ ತೋಟದ ಕೆಳಗೆ ಲೈನ್ ಮನೆಗಳಿದ್ದರೆ (ಕೆಲಸದವರ ಸಾಲುಮನೆ), ಅಲ್ಲಿನವರು ಆ ನೀರು ಕುಡಿಯುತ್ತಿದ್ದರೆ ಇದನ್ನು ಮುಂದಿನ ವರ್ಷಕ್ಕೆ ಬಿಡಲೇಬಾರದು.

ದಾರಿ ಇದೆ. ಒಂದೇ ಗುಂಡಿ ಎರಡು ಕೆಲಸ ಮಾಡಬೇಕು ಅನ್ನುವುದನ್ನು ಬಿಟ್ಟು, ಕೊಳೆಸುವ ಕೆಲಸ ಬೇರೆ, ಇಂಗಿಸುವ ಕೆಲಸ ಬೇರೆ ಮಾಡಿ. ಕೊಳೆಸಲು ಹನಿ ನೀರೂ ಒಳಹೊರಗೆ ಹೋಗದ, ಎರಡು ಕೋಣೆಯ ಕಾಂಕ್ರೀಟ್ ಸೆಪ್ಟಿಕ್ ಟ್ಯಾಂಕ್. ಐದು ಜನರ ಮನೆಗೆ ಭಾರತೀಯ ಮಾನಕ 2470ರಲ್ಲಿ ಹೇಳಿರುವ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1 ಮೀಟರ್. ನಿಮ್ಮದು ಹೋಂಸ್ಟೇ ಆದ್ದರಿಂದ ಎಲ್ಲ ರೂಮು ತುಂಬಿದ ವಾರಾಂತ್ಯದ ಜನರ ಲೆಕ್ಕ ಹಿಡಿದು ದೊಡ್ಡದು ಮಾಡಿಸಿ. ಅದರಿಂದ ಹೊರಬರುವ ತಿಳಿನೀರು ಇಂಗಲು ಆಳದ ಗುಂಡಿ ಬೇಡ, ಮೇಲ್ಮಟ್ಟದ ಚರಂಡಿ ಬೇಕು. ಒಂದೂವರೆಯಿಂದ ಮೂರು ಅಡಿ ಆಳದ ಉದ್ದನೆಯ ಚರಂಡಿ, ಒಳಗೆ ಜಲ್ಲಿ, ಜಲ್ಲಿಯ ನಡುವೆ ತೂತಿನ ಪೈಪು. ಮಳೆಗಾಲದಲ್ಲಿ ಜಲ ಅದಕ್ಕಿಂತಲೂ ಮೇಲೆ ಬರುವ ಜಾಗವಾದರೆ ಮರಳು ಮತ್ತು ಒಳ್ಳೆಯ ಮಣ್ಣು ಹಾಕಿ ದಿಬ್ಬ ಎಬ್ಬಿಸಿ, ದಿಬ್ಬದೊಳಗೆ ಚರಂಡಿ ಮಾಡಬೇಕಾಗುತ್ತದೆ. ಚರಂಡಿಯ ತಳಕ್ಕೂ ಮಳೆಗಾಲದ ಜಲಕ್ಕೂ ನಡುವೆ ಒಣ ಮಣ್ಣು ಎಷ್ಟು ಉಳಿಯುತ್ತದೋ ಅಷ್ಟು ಒಳ್ಳೆಯದು, ಎರಡು ಮೀಟರ್ ಸಿಕ್ಕರೆ ನಿಶ್ಚಿಂತೆ. ಹಾಗಾಗಿ ಗದ್ದೆ ಕಡೆಯ ತಗ್ಗು ಬಿಟ್ಟು ಸ್ವಲ್ಪ ಏರಿನ ಜಾಗ ಹುಡುಕಿ. ಸ್ನಾನದ ಮತ್ತು ಅಡುಗೆಮನೆ ನೀರನ್ನು ಇದಕ್ಕೆ ಸೇರಿಸದೆ ಬೇರೆ ಪೈಪಿನಲ್ಲಿ ಬಾಳೆ ಬುಡಕ್ಕೆ ಬಿಡಿ. ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಜಾಗ ಗೊತ್ತು ಮಾಡುವ ಮೊದಲು ಇಂಗುವ ಪರೀಕ್ಷೆ ಮಾಡಿ. ಒಂದಡಿ ಅಗಲದ ಕುಣಿ, ಚರಂಡಿ ಬರಬೇಕಾದ ಆಳಕ್ಕೆ. ಬದಿಗಳನ್ನು ಸ್ವಲ್ಪ ಕೆರೆದು ತಳಕ್ಕೆ ಎರಡು ಇಂಚು ದಪ್ಪ ಮರಳು ಹಾಕಿ. ಒಂದಡಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಮಾರನೇ ದಿನ ಮತ್ತೆ ಮರಳಿನ ಮೇಲೆ ಅರ್ಧ ಅಡಿ ನೀರು ಹಾಕಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಅಂತ ನೋಡಿ. 30 ನಿಮಿಷದೊಳಗೆ ಇಳಿದರೆ ಮಣ್ಣು ಚೆನ್ನಾಗಿ ಇಂಗಿಸುತ್ತದೆ. 30ರಿಂದ 60 ಆದರೆ ದಿಬ್ಬದ ಚರಂಡಿಯೇ ಗತಿ. 60 ದಾಟಿದರೆ ಅಲ್ಲಿ ಇಂಗಿಸುವ ಆಸೆ ಬಿಟ್ಟು ಫಿಲ್ಟರ್ ಇರುವ ಟ್ಯಾಂಕ್ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡಿ. ಇದನ್ನೆಲ್ಲ ದಯವಿಟ್ಟು ಮಾರ್ಚ್‌ನಲ್ಲಿ ಮಾಡಿ ಖುಷಿಪಡಬೇಡಿ. ಮಾರ್ಚ್‌ನಲ್ಲಿ ಮಲೆನಾಡಿನ ಯಾವ ನೆಲವೂ ನೀರು ಕುಡಿಯುತ್ತದೆ. ಜುಲೈನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ನೋಡಿ.

ಟ್ಯಾಂಕ್ ಖಾಲಿ ಮಾಡಿಸುವುದು ಮಾತ್ರ ಉಲ್ಟಾ, ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲೇ. ಸುತ್ತ ಜಲ ತುಂಬಿರುವಾಗ ಪೂರ್ತಿ ಖಾಲಿ ಮಾಡಿದ ಟ್ಯಾಂಕ್ ಕೆಳಗಿನ ನೀರಿನ ಒತ್ತಡಕ್ಕೆ ದೋಣಿಯಂತೆ ಮೇಲೆದ್ದು ಪೈಪು ಕಿತ್ತುಕೊಂಡು ಬರುವುದುಂಟು. ಮತ್ತೆ, ಯಾವ ಕಾರಣಕ್ಕೂ ಮನುಷ್ಯರನ್ನು ಗುಂಡಿಗೆ ಇಳಿಸಬೇಡಿ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ, ರಕ್ಷಣಾ ಸಾಧನ ಇಲ್ಲದೆ ಹಾಗೆ ಇಳಿಸುವುದು ಅಪರಾಧ. ಕಾಯ್ದೆಯ ಮಾತು ಹಾಗಿರಲಿ, ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಕುಡಿಯುವ ನೀರಿನ ಬಾವಿಗೂ ಗುಂಡಿಗೂ ಎಷ್ಟು ದೂರ ಇರಬೇಕು? ನಮ್ಮದು ಜಂಬಿಟ್ಟಿಗೆ (ತೂತು ತೂತಿನ ಕೆಂಪು ಕಲ್ಲು) ನೆಲ.
— ಓದುಗರು, ಕೊಪ್ಪ

ಉತ್ತರ: ಇಂಗು ಗುಂಡಿ ಅಥವಾ ಚರಂಡಿ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ 60 ಅಡಿ ದೂರ ಇರಬೇಕು ಅನ್ನುತ್ತದೆ ಮೇಲೆ ಹೇಳಿದ ಅದೇ ಭಾರತೀಯ ಮಾನಕ. ನಿಮ್ಮ ನೆಲಕ್ಕೆ ನಾನು ಇದನ್ನು ಇನ್ನೂ ಜಾಸ್ತಿ ಮಾಡಿ ಅನ್ನುತ್ತೇನೆ. ಮಣ್ಣಿನ ಸಣ್ಣ ಕಣಗಳ ನಡುವೆ ನಿಧಾನಕ್ಕೆ ಸಾಗುವಾಗ ನೀರು ಶುದ್ಧವಾಗುತ್ತದೆ, ರೋಗಾಣು ಸಾಯುತ್ತದೆ. ಜಂಬಿಟ್ಟಿಗೆಯಲ್ಲಿ ತೂತು, ಬಿಲ ಜಾಸ್ತಿ, ನೀರು ಸೋಸಿಕೊಳ್ಳದೆ ಓಡಿಬಿಡುತ್ತದೆ. ಗುಂಡಿ ಬಾವಿಗಿಂತ ಮೇಲಿನ ಏರಿನಲ್ಲಂತೂ ಬೇಡವೇ ಬೇಡ. ಮೊದಲ ಜೋರು ಮಳೆ ಆದ ಮೇಲೆ ಬಾವಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಪ್ರಶ್ನೆ: ಕೊಟ್ಟಿಗೆಹಾರದಲ್ಲಿರುವ ನಮ್ಮಕ್ಕನ ಮನೆಯಿಂದ ಹೈಡ್ರಾಂಜಿಯ ತಂದು ಕುಂಡದಲ್ಲಿ ನೆಟ್ಟೆ. ಅಲ್ಲಿ ಆಕಾಶದ ನೀಲಿ, ಇಲ್ಲಿ ಗುಲಾಬಿ ಬಣ್ಣ ಬಂದಿದೆ. ಎಲೆಯೂ ಹಳದಿ. ಅಕ್ಕ ಒಲೆ ಬೂದಿ ಹಾಕು ಅಂದಳು, ಹಾಕುತ್ತಿದ್ದೇನೆ. ಗಿಡ ಬೇರೆ ಜಾತಿ ಕೊಟ್ಟಳಾ ಅಂತ ಅನುಮಾನ.
— ಗೃಹಿಣಿ, ಅರಸೀಕೆರೆ

ಉತ್ತರ: ಅಕ್ಕನ ಮೇಲೆ ಅನುಮಾನ ಬೇಡ, ಗಿಡ ಅದೇ. ಬೂದಿ ಮಾತ್ರ ಇವತ್ತೇ ನಿಲ್ಲಿಸಿ.

ಘಟ್ಟದ ಅಂಚಿನ ಮಳೆ ಮಣ್ಣಿನಲ್ಲಿರುವ ಸುಣ್ಣದಂಥ ಅಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಕೊಟ್ಟಿಗೆಹಾರದ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿಗೆ ಸೇರಿದರೆ ನೀಲಿ. ಅರಸೀಕೆರೆ ಕಡೆ ಮಳೆ ಕಡಿಮೆ, ಸುಣ್ಣದಂಶ ಮಣ್ಣಲ್ಲೇ ಉಳಿಯುತ್ತದೆ. ಜೊತೆಗೆ ನೀವು ಹಾಕುವುದು ಬಹುಶಃ ಗಡಸು ಬೋರ್‌ವೆಲ್ ನೀರು. ಕುಂಡದ ಮಣ್ಣು ಸಪ್ಪೆಯಾಗಿ, ಆಮೇಲೆ ಕ್ಷಾರವಾಗಿ, ಅಲ್ಯುಮಿನಿಯಂ ಬೇರಿಗೆ ಸಿಗದಂತೆ ಮಣ್ಣಲ್ಲೇ ಕಟ್ಟಿಕೊಂಡು ಹೂವು ಗುಲಾಬಿಗೆ ತಿರುಗಿದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದೂ ಇದೇ ಕಾರಣಕ್ಕೆ, ಅಲ್ಲಿ ಕಬ್ಬಿಣ ಸಿಗುತ್ತಿಲ್ಲ. ಬೂದಿ ಇದೇ ಕ್ಷಾರವನ್ನು ಇನ್ನೂ ಹೆಚ್ಚಿಸುತ್ತದೆ. ಅಕ್ಕನ ಹುಳಿ ಮಣ್ಣಿನ ತರಕಾರಿಗೆ ಬೂದಿ ಒಳ್ಳೆಯದೇ, ಅವಳು ತನಗೆ ಫಲ ಕೊಟ್ಟದ್ದನ್ನು ನಿಮಗೆ ಹೇಳಿದ್ದಾಳೆ.

ಕುಂಡದ ಮಣ್ಣು ಬದಲಿಸಿ. ಅರ್ಧ ಕೆಮ್ಮಣ್ಣು, ಅರ್ಧ ಚೆನ್ನಾಗಿ ಕೊಳೆತ ಎಲೆಗೊಬ್ಬರ. ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಿ. ಮೊಗ್ಗು ಬರುವುದಕ್ಕೆ ಮೊದಲು ಹದಿನೈದು ದಿನಕ್ಕೊಮ್ಮೆ, ಐದು ಲೀಟರ್ ನೀರಿಗೆ ಒಂದು ಟೀ ಚಮಚ ಪಟಿಕ ಕರಗಿಸಿ ಬುಡಕ್ಕೆ ಹಾಕಿ. ಪಟಿಕದಲ್ಲಿ ಅಲ್ಯುಮಿನಿಯಂ ಇದೆ. ಈಗ ಅರಳಿರುವ ಹೂವು ಬದಲಾಗುವುದಿಲ್ಲ, ಮುಂದಿನ ಹೂವಿಗೆ ಕಾಯಿರಿ. ಮಧ್ಯಾಹ್ನದ ಬಿಸಿಲು ಬೀಳದ ಜಾಗದಲ್ಲಿಡಿ, ನಿಮ್ಮೂರಿನ ಏಪ್ರಿಲ್ ಅದಕ್ಕೆ ಕಷ್ಟ. ಬಿಳಿ ಹೂವಿನ ತಳಿಗೆ ಮಾತ್ರ ಈ ಯಾವ ಉಪಾಯವೂ ನಡೆಯದು.

ಪ್ರಶ್ನೆ: ಗುಡ್ಡದ ಓರೆಯಲ್ಲಿ ಜೆಸಿಬಿಯಿಂದ ಮಟ್ಟ ಮಾಡಿಸಿ ಮನೆ ಕಟ್ಟಿದ್ದೇವೆ. ಹಿಂದೆ 15 ಅಡಿ ಧರೆ (ಗುಡ್ಡ ಕಡಿದು ಉಳಿದ ನೇರ ಮಣ್ಣಿನ ಗೋಡೆ), ಅಡುಗೆಮನೆಯಿಂದ ಆರಡಿ ದೂರ. ಕಳೆದ ಮಳೆಗೆ ಸ್ವಲ್ಪ ಮಣ್ಣು ಜಾರಿತು. ಕಲ್ಲಿನ ಗೋಡೆ ಕಟ್ಟಿಸಿದರೆ ಸಾಕಾ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಇದನ್ನು ಓದಿ ನನಗೆ ಸಮಾಧಾನ ಇರಲಿಲ್ಲ, ಅದಕ್ಕೇ ನಿಮಗೆ ಬೇರೆಯಾಗಿ ಕಾಗದವನ್ನೂ ಬರೆದಿದ್ದೇನೆ. ಆಗಸ್ಟ್ 2019ರಲ್ಲಿ ನಿಮ್ಮ ತಾಲ್ಲೂಕಿನ ಗುಡ್ಡಗಳು ಜಾರಿದ್ದನ್ನು ನೀವೇ ಕಂಡಿದ್ದೀರಿ. ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ರಸ್ತೆ ಮೇಲೆ ಗುಡ್ಡ ಬೀಳುವುದು ಈಗ ಹೊಸ ಸುದ್ದಿಯೇ ಅಲ್ಲ.

ನಮ್ಮ ಮಲೆನಾಡಿನ ಗುಡ್ಡ ಅಂದರೆ ಕೆಳಗೆ ಬಂಡೆ, ಮೇಲೆ ದಪ್ಪನೆ ಕೆಂಪು ಮಣ್ಣು. ಒಣಗಿದಾಗ ಈ ಮಣ್ಣು ಗೋಡೆಯಂತೆ ನೇರ ನಿಲ್ಲುತ್ತದೆ, ಅದಕ್ಕೇ ಜೆಸಿಬಿಯವರಿಗೆ ಧೈರ್ಯ. ವಾರಗಟ್ಟಲೆ ಮಳೆ ಕುಡಿದ ಮೇಲೆ ಅದೇ ಮಣ್ಣಿನ ತೂಕ ಏರುತ್ತದೆ, ಒಳಗಿನ ಹಿಡಿತ ಸಡಿಲ ಆಗುತ್ತದೆ. ಬುಡವನ್ನು ನಾವು ಮೊದಲೇ ಕಡಿದಿರುತ್ತೇವೆ. ಇನ್ನು ಅದನ್ನು ಹಿಡಿದು ನಿಲ್ಲಿಸುವುದು ಏನು?

ಕಲ್ಲಿನ ಗೋಡೆ ಒಂದೇ ಸಾಲದು. ಹಿಂದೆ ನೀರು ಕಟ್ಟಿಕೊಂಡರೆ ಗೋಡೆಯನ್ನೂ ಸೇರಿಸಿ ತಳ್ಳುತ್ತದೆ. ಮೊದಲು ಧರೆಯ ಮೇಲ್ಗಡೆ, ಅಂಚಿನಿಂದ ಹಿಂದಕ್ಕೆ, ಮಳೆನೀರನ್ನು ಪಕ್ಕಕ್ಕೆ ಒಯ್ಯುವ ಪಕ್ಕಾ ಚರಂಡಿ ಮಾಡಿ. ಆ ಜಾಗದಲ್ಲಿ ಇಂಗು ಗುಂಡಿ, ತೊಟ್ಟಿಲು ಗುಂಡಿ (ತೋಟದಲ್ಲಿ ಗಿಡಗಳ ನಡುವೆ ನೀರಿಂಗಿಸಲು ತೋಡುವ ಉದ್ದ ಗುಂಡಿ), ಟಾಯ್ಲೆಟ್ ಗುಂಡಿ ಯಾವುದೂ ಇರಬಾರದು. ನೀರಿಂಗಿಸುವುದು ತೋಟಕ್ಕೆ ಪುಣ್ಯದ ಕೆಲಸ, ಧರೆಯ ನೆತ್ತಿಯ ಮೇಲೆ ಅಲ್ಲ. ಆಮೇಲೆ ಧರೆಯನ್ನು ನೇರ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಮೆಟ್ಟಿಲಿನ ಮೇಲೆ ಲಾವಂಚ ನೆಡಿ, ಅದರ ಬೇರು ನೇರ ಕೆಳಕ್ಕಿಳಿದು ಮೇಲ್ಮಣ್ಣು ಹಿಡಿಯುತ್ತದೆ. ಆದರೆ ಹತ್ತು ಅಡಿ ಒಳಗಿನಿಂದ ಬರುವ ಕುಸಿತವನ್ನು ಯಾವ ಹುಲ್ಲೂ ತಡೆಯಲಾರದು. ಇಷ್ಟಾದ ಮೇಲೆ ಗೋಡೆ. ಅದರ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ಅಲ್ಲಲ್ಲಿ ಪೈಪಿನ ತೂತು ಬಿಡಿಸಿ, ಬುಡ ಗಟ್ಟಿ ನೆಲದಲ್ಲಿರಲಿ. ಕೆಲಸವೆಲ್ಲ ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಯಬೇಕು. ಸಾಮಾನ್ಯವಾಗಿ ಧರೆ ಎಷ್ಟು ಎತ್ತರವೋ ಅಷ್ಟು ದೂರವಾದರೂ ಮನೆ ಇರಬೇಕು ಅನ್ನುವುದು ನನ್ನ ಲೆಕ್ಕ. ನಿಮ್ಮದು ಆರಡಿ. ಹಾಗಾಗಿ ಕೆಲಸ ಮುಗಿಯುವವರೆಗೆ ಜೋರು ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ. ಧರೆಯ ಮೇಲೆ ಬಿಲ್ಲಿನಾಕಾರದ ಬಿರುಕು, ಓರೆಯಾದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ನಿನ್ನೆವರೆಗೆ ಸರಿ ಇದ್ದ ಬಾಗಿಲು ಇವತ್ತು ಹಿಡಿದುಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಸಾಮಾನು ಎತ್ತಿಡಲು ನಿಲ್ಲದೆ ಹೊರಡಿ.

ಪ್ರಶ್ನೆ: ಹಾಸನದ ಹೊರವಲಯದ ಬಡಾವಣೆಯಲ್ಲಿ ಸೈಟ್ ನೋಡಿದ್ದೇವೆ. ಚೆನ್ನಾಗಿ ಮಟ್ಟ ಮಾಡಿದ್ದಾರೆ. ಮೊದಲು ಗದ್ದೆ ಇತ್ತು ಅಂತ ಯಾರೋ ಅಂದರು. ತಗೋಬಹುದಾ?
— ಸಾಫ್ಟ್‌ವೇರ್ ಉದ್ಯೋಗಿ, ಊರು ಹಾಸನ

ಉತ್ತರ: ಮುಂಗಡ ಕೊಡುವ ಮೊದಲು ಆರರಿಂದ ಎಂಟು ಅಡಿ ಗುಂಡಿ ತೋಡಿಸಲು ಒಪ್ಪಿಗೆ ಕೇಳಿ. ಮಾರುವವರು ಬೇಡ ಅಂದರೆ ಅದೂ ಒಂದು ಉತ್ತರವೇ. ಗುಂಡಿಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಬಗೆಬಗೆ ಬಣ್ಣದ ಮಣ್ಣು ಕಂಡರೆ ಅದು ತುಂಬಿಸಿದ ನೆಲ. ಅದರ ಕೆಳಗೆ ವಾಸನೆ ಬರುವ ಕಪ್ಪು ಕೆಸರು ಸಿಕ್ಕರೆ ಹಳೇ ಗದ್ದೆ ಅಥವಾ ಕೆರೆ ಅಂಗಳ. ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಹಾಕಿ ಹತ್ತಿರ ಕೆರೆ, ಹಳ್ಳ ಇದೆಯಾ ನೋಡಿ. ಹಳ್ಳಿಯ ಹಿರಿಯರ ಹತ್ತಿರ ಹತ್ತು ನಿಮಿಷ ಕೂತು ಕೇಳಿ.

ನಮ್ಮ ಚಿಕ್ಕಪ್ಪ ನಿವೃತ್ತಿಯ ದುಡ್ಡು ಹಾಕಿ ಇಂಥದೇ ಸೈಟಿನಲ್ಲಿ ಮನೆ ಕಟ್ಟಿದರು. ಆಗ ನಾನಿನ್ನೂ ಓದುತ್ತಿದ್ದೆ. ಪಾಯ ತೆಗೆದಾಗ ತುಂಬಿಸಿದ ಮಣ್ಣಲ್ಲೇ ನಿಲ್ಲಿಸಿಬಿಟ್ಟರು, ಅದರ ಕೆಳಗೆ ಇನ್ನೂ ಮೂರಡಿ ಇತ್ತು ಅಂತ ಯಾರೂ ನೋಡಲಿಲ್ಲ. ಮೂರನೇ ಮಳೆಗಾಲಕ್ಕೆ ಮುಂದಿನ ಎರಡು ಕೋಣೆ ಕುಸಿದು ನೆಲದ ಟೈಲ್ಸ್ ಬಾಯಿಬಿಟ್ಟವು. ಚಿಕ್ಕಮ್ಮ ಆ ಕೋಣೆಗೆ ಹೋಗುವುದನ್ನೇ ನಿಲ್ಲಿಸಿದರು. ನಾನು ಯಾವ ಕೆಲಸಕ್ಕೆ ಹೋದರೂ ಮೊದಲು ಗುಂಡಿ ತೋಡಿಸುವುದು ಅದನ್ನು ನೋಡಿದ ಮೇಲೆ.

ತುಂಬಿಸಿದ ನೆಲ ಅಂದ ಮಾತ್ರಕ್ಕೆ ಬಿಟ್ಟುಬಿಡಬೇಕಿಲ್ಲ. ಪಾಯ ಅಥವಾ ಕಾಲಂ ಫುಟಿಂಗ್ (ಕಂಬದ ಬುಡ) ತುಂಬಿಸಿದ ಮಣ್ಣನ್ನು ದಾಟಿ ಹುಟ್ಟುನೆಲ ಮುಟ್ಟಬೇಕು. ಆ ಖರ್ಚು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಸೈಟಿನ ಬೆಲೆ ಮಾತಾಡಿ. ಅದು ನಿಜವಾಗಿ ಮುಚ್ಚಿದ ಕೆರೆಯೋ ರಾಜಕಾಲುವೆಯೋ ಆಗಿದ್ದರೆ ಮಾತ್ರ ಎಷ್ಟೇ ಅಗ್ಗ ಇದ್ದರೂ ಬೇಡ. ನೀರು ತನ್ನ ದಾರಿ ಮರೆಯುವುದಿಲ್ಲ.

ಪ್ರಶ್ನೆ: ಪಾಯಕ್ಕೆ ಜಂಬಿಟ್ಟಿಗೆ ಕಲ್ಲು ಹಾಕಬಹುದಾ?
— ಓದುಗರು, ನರಸಿಂಹರಾಜಪುರ

ಉತ್ತರ: ಗೋಡೆಗೆ ಧಾರಾಳವಾಗಿ ಹಾಕಿ. ನೀರು ನಿಲ್ಲುವ ಜಾಗದ ಪಾಯಕ್ಕಾದರೆ ಕಾಡುಗಲ್ಲಿನ ಸೈಜುಗಲ್ಲೇ ಮೇಲು. ಜಂಬಿಟ್ಟಿಗೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಣಗುತ್ತಾ ಗಟ್ಟಿಯಾಗುತ್ತದೆ, ಆದ್ದರಿಂದ ಹಸಿ ಕಲ್ಲು ತಂದ ದಿನವೇ ಕಟ್ಟಿಸಬೇಡಿ. ಬಿಳಿ, ಹಳದಿ ಜೇಡಿ ಮೆತ್ತಿದ ಕಲ್ಲನ್ನು ವಾಪಸ್ ಕಳಿಸಿ.

ಪ್ರಶ್ನೆ: ಹೊಸ ಮನೆಯ ಹಿತ್ತಲಿನಲ್ಲಿ ಏನು ಹಾಕಿದರೂ ಏಳುತ್ತಿಲ್ಲ. ಬದನೆ, ಮೆಣಸಿನ ಗಿಡ ಮೊಣಕಾಲೆತ್ತರವೂ ಬರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಕಳೆ ಆಳೆತ್ತರ ಬೆಳೆದಿದೆ!
— ನಿವೃತ್ತ ನರ್ಸ್, ಚಿಕ್ಕಮಗಳೂರು

ಉತ್ತರ: ಪಕ್ಕದ ಸೈಟಿನಲ್ಲಿ ಮೇಲ್ಮಣ್ಣು ಮೇಲೇ ಇದೆ. ನಿಮ್ಮಲ್ಲಿ ಪಾಯದಿಂದ ತೆಗೆದ ಅಡಿಮಣ್ಣನ್ನು ಅದರ ಮೇಲೆ ಹರಡಿದ್ದಾರೆ. ಹೊಸ ಮನೆಗಳಲ್ಲಿ ನೂರಕ್ಕೆ ತೊಂಬತ್ತು ಕಡೆ ನಾನು ನೋಡಿರುವುದು ಇದನ್ನೇ. ಅಡಿಮಣ್ಣು ನೋಡಲು ಬಲು ಚೆಂದ, ಒಳ್ಳೆ ಕೆಂಪು. ನಿಮ್ಮ ಜಿಲ್ಲೆಯಲ್ಲಿ ಕೆಮ್ಮಣ್ಣುಗುಂಡಿ ಅಂತ ಊರೇ ಇದೆ, ಅಲ್ಲಿಂದ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿತ್ತು. ಆ ಕೆಂಪು ಕಬ್ಬಿಣದ್ದು, ಸಾರದ್ದಲ್ಲ. ಗಿಡಕ್ಕೆ ಬೇಕಾದ ಕೊಳೆತ ಎಲೆ, ಎರೆಹುಳು, ಸೂಕ್ಷ್ಮಜೀವಿ ಎಲ್ಲ ಇರುವುದು ಮೇಲಿನ ಅರ್ಧ ಮುಕ್ಕಾಲು ಅಡಿಯಲ್ಲಿ. ಅದರ ಜೊತೆ ಲಾರಿ, ಮಿಕ್ಸರ್ ಓಡಾಡಿ ನೆಲ ಸಿಮೆಂಟಿನಂತೆ ಬಿಗಿದಿರುತ್ತದೆ. ಉಳಿದ ಗಾರೆ, ಸುಣ್ಣವನ್ನು ಕೆಲಸದವರು ಮೂಲೆಯಲ್ಲಿ ಹೂತಿರುತ್ತಾರೆ.

ಅವಸರಕ್ಕೆ ಎರಡು ಲೋಡ್ ಮಣ್ಣು ತರಿಸಬೇಡಿ, ಅದು ಇನ್ಯಾರದೋ ಪಾಯದ ಮಣ್ಣೇ ಆಗಿರುತ್ತದೆ. ಗಾರೆ ಗಟ್ಟಿ ಸಿಕ್ಕಷ್ಟು ಆರಿಸಿ ತೆಗೆಯಿರಿ. ಹಾರೆಯಲ್ಲಿ ಒಂದಡಿ ಆಳ ಸಡಿಲಿಸಿ. ಮೊದಲ ಮಳೆಗೆ ಅಲಸಂದೆ ಅಥವಾ ಅಪ್ಸೆಣಬು ಚೆಲ್ಲಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ಮೇಲೆ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಒಣ ಎಲೆ ಹೊದಿಕೆ. ಒಂದು ವರ್ಷ ಕಾಯುವ ತಾಳ್ಮೆ ಬೇಕು, ಆ ವರ್ಷ ಮೆಣಸಿನ ಗಿಡ ಕುಂಡದಲ್ಲಿ ಬೆಳೆಸಿಕೊಳ್ಳಿ.

ಮಣ್ಣಿನಲ್ಲಿ ಏನಿದೆ ಅಂತ ತಿಳಿಯಲು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು ಹಾಕಿ ಜೋರಾಗಿ ಕುಲುಕಿ ಕಿಟಕಿಯಲ್ಲಿಡಿ. ಒಂದು ನಿಮಿಷದಲ್ಲಿ ಮರಳು ಕೂರುತ್ತದೆ, ಕೆಲವು ಗಂಟೆಯಲ್ಲಿ ಗೋಡು (ನುಣ್ಣನೆಯ ಹೂಳು), ಜೇಡಿ ಕೂರಲು ಒಂದೆರಡು ದಿನ ಬೇಕು. ಹುಳಿಯೋ ಕ್ಷಾರವೋ ಅನ್ನುವುದು ಬಾಟಲಿಯಲ್ಲಿ ತಿಳಿಯದು. ಅದಕ್ಕೆ ಹಿತ್ತಲಿನ ಐದಾರು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಕಟ್ಟಿ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹಾಸನದ ಕಡೆಯವರಿಗೆ ಕಂದಲಿಯಲ್ಲಿದೆ. ಗೊಬ್ಬರದ ಚೀಲಕ್ಕೆ ಮಣ್ಣು ತುಂಬಬೇಡಿ, ಅದರಲ್ಲಿ ಉಳಿದ ಯೂರಿಯಾ ಪುಡಿ ಲೆಕ್ಕ ಕೆಡಿಸುತ್ತದೆ.